ಮೊಣಕಾಲೆತ್ತರದ ಕೋಣೆ

ಸೋಮವಾರ ಬಾಗಿಲು ತೆರೆಯಬೇಕು. ಇವತ್ತು ಶನಿವಾರ.
ಝುವಾರಿನಗರದ ಗುಡ್ಡಕ್ಕೆ ಮೊದಲ ಮಳೆ ಬಿದ್ದು
ಕೆಂಪು ನೀರು ಹೊಸ್ತಿಲ ತನಕ ಬಂದು
ಒಳಗೆ ಬರಲೋ ಬೇಡವೋ ಎಂದು
ಹೊಸ ಹುಡುಗನ ಹಾಗೆ ನಿಂತಿದೆ.

ಎಸ್ಪೆರಾನ್ಸಾಬಾಯಿ ನೆಲ ಒರೆಸುತ್ತಾಳೆ.
ನನ್ನ ಕನ್ನಡಕ್ಕೆ ಅವಳ ಕೊಂಕಣಿ ಉತ್ತರ.
ಏಳು ವರ್ಷದಲ್ಲಿ ನಾವು ಜಗಳವಾಡಿಲ್ಲ;
ಅರ್ಧವೇ ತಿಳಿದರೆ ಜಗಳ ಎಲ್ಲಿಂದ?

ಸುಸ್ತಾಗಿ ನಾನು ನೆಲಕ್ಕೆ ಕೂತೆ.
ಕೂತ ಮೇಲೆ ಗೊತ್ತಾಯಿತು:
ಹೋದ ವರ್ಷ ಪೂರ್ತಿ ನಾನು ಸ್ಟೂಲು ಹತ್ತಿ ಅಂಟಿಸಿದ ಅ ಆ ಇ ಈ
ಮಕ್ಕಳಿಗೆ ಸೂರಿನ ಹಲ್ಲಿಯಷ್ಟು ದೂರ.
ಇಲ್ಲಿಂದ ಕಾಣುವುದೇ ಬೇರೆ ಊರು:
ಮೇಜಿನ ತಳ, ಅಲ್ಲಿ ಯಾರೋ ಬಚ್ಚಿಟ್ಟ ಚೂಯಿಂಗ್ ಗಮ್,
ಗೋಡೆಯಿಂದ ಹೊರಬಂದ ಒಂದು ಮೊಳೆ,
ಸರಿಯಾಗಿ ನಾಲ್ಕು ವರ್ಷದ ಹಣೆಯ ಎತ್ತರಕ್ಕೆ.

ಎಲ್ಲವನ್ನೂ ಇಳಿಸಿದೆ. ಮೊದಲು ಕನ್ನಡಿ.
ಅದರಲ್ಲಿದ್ದ ನನ್ನ ಮುಖ ಹೋಗಿ
ಮೊಣಕಾಲು ಬಂತು.

ಬೇಸಿಗೆಯೆಲ್ಲ ಕೂಡಿಟ್ಟದ್ದನ್ನು ಈಗ ತಗ್ಗಿನ ಕಪಾಟಿಗೆ:
ಬೈನಾ ದಂಡೆಯ ಚಿಪ್ಪು ಒಂದು ಬಕೆಟ್,
ಮೀನುಮಾರ್ಕೆಟ್ಟಿನ ಥರ್ಮೋಕೋಲ್ ಡಬ್ಬಿ ಎರಡು,
ಬಾರಿನ ಹಿತ್ತಿಲಲ್ಲಿ ಆರಿಸಿ, ಮೂರು ಸಲ ಕುದಿಸಿದ ಬಾಟಲಿ ಮುಚ್ಚಳ
(ಎಸ್ಪೆರಾನ್ಸಾ ಒಂದನ್ನು ಮೂಸಿ ನಕ್ಕಳು).
ಹುಣಸೆಬೀಜ ಇಟ್ಟೆ. ತೆಗೆದೆ.
ಹೋದ ಸಲ ಯಮನೂರನ ಮೂಗು ಹೊಕ್ಕ ಒಂದು ಬೀಜ
ಚಿಖಲಿ ಆಸ್ಪತ್ರೆ ನೋಡಿ ಬಂದಿತ್ತು.

ಮೊಳೆ ಕೀಳಲು ದ್ಯಾಮಣ್ಣ ಬಂದ,
ಬಂದರಿನ ರಾತ್ರಿ ಪಾಳಿ ಮುಗಿಸಿ, ಉಗುರಲ್ಲಿ ಕಲ್ಲಿದ್ದಲು.
‘ಬಾಯಾರ, ಬರೇ ಆಟ ಆಡಸ್ತೀರಂತಲ್ಲ?
ನಮ್ಮ ಮಲ್ಲವ್ವ ಮನ್ಯಾಗ ಪಾಟಿ ಮುಟ್ಟವಲ್ಲಳು.
ಒಂದು, ಎರಡು, ಮೂರು ಅಂತಾಳ, ಆಮ್ಯಾಲ ಏಳು ಅಂತಾಳ.
ಆಚಿ ಓಣಿ ಕಾನ್ವೆಂಟಿನ ಹುಡುಗ
ಐವತ್ತರ ತನಕ ಹೇಳ್ತಾನ, ನಿದ್ದ್ಯಾಗ ಎಬ್ಬಿಸಿದ್ರೂ.’

ತರಬೇತಿಯಲ್ಲಿ ಕೊಟ್ಟ ಉತ್ತರಗಳು ನನ್ನಲ್ಲಿದ್ದವು,
ನೀಲಿ ಫೈಲಿನಲ್ಲಿ, ಅಂಕೆ ಹಾಕಿ.
ಯಾವುದೂ ಅವನ ಕೈಯ ಕಪ್ಪಿಗೆ ಹತ್ತುವಂತಿರಲಿಲ್ಲ.
ಮೂರರ ಮೇಲೆ ಏಳು ಬರಲಿ ಬಿಡು, ಅಣ್ಣಾ,
ನಡುವೆ ಏನೋ ಕಳೆದಿದೆ ಅಂತ
ಒಂದು ದಿನ ಅವಳೇ ಹುಡುಕುತ್ತಾಳೆ
ಎನ್ನಬೇಕೆಂದುಕೊಂಡೆ. ‘ಚಾ ಕುಡೀತೀರಿ?’ ಎಂದೆ.

ಮೊಳೆ ಕಿತ್ತ. ಸುತ್ತಿಗೆ ಬದಿಗಿಟ್ಟ.
ಚಾ ಬರುವ ತನಕ ಕೂತವನ ಕೈ
ಮುಚ್ಚಳದ ಡಬ್ಬಿಗೆ ಹೋಯಿತು, ಸುಮ್ಮನೆ.
ಕೆಂಪು ಒಂದು ಕಡೆ. ಹಸಿರು ಒಂದು ಕಡೆ.
ತುಕ್ಕು ಹಿಡಿದವನ್ನು ಎಲ್ಲಿಡುವುದು? ತುಸು ಹೊತ್ತು ಯೋಚಿಸಿದ.
ಒಂದರ ಮೇಲೊಂದು ಏರಿಸಿದ, ಹನ್ನೊಂದಕ್ಕೆ ಬಿತ್ತು.
ಮತ್ತೆ ಕಟ್ಟಿದ, ತಳ ಅಗಲ ಮಾಡಿ.
ಚಾ ಬಂತು. ಕೆನೆ ಕಟ್ಟಿತು.
ಇಪ್ಪತ್ತೆರಡೋ ಇಪ್ಪತ್ಮೂರೋ, ನಾನು ಎಣಿಕೆ ತಪ್ಪಿದೆ,
ಅಷ್ಟರಲ್ಲಿ ದಾಬೋಳಿಯಿಂದ ಎದ್ದ ವಿಮಾನ
ತಗಡು ನಡುಗಿಸಿಕೊಂಡು ತಲೆ ಮೇಲೆ ಹೋಯಿತು.

‘ಇದರೌನ!’
ಎಂದು, ನಾಲಿಗೆ ಕಚ್ಚಿ, ನನ್ನ ಕಡೆ ನೋಡಿದ.
ನಾನು ಏನೂ ಹೇಳಲಿಲ್ಲ.
ಹೇಳಿದ್ದರೆ ಅದು ಪಾಠವಾಗುತ್ತಿತ್ತು.

ಹೋಗುವಾಗ ಬಾಗಿಲಲ್ಲಿ ನಿಂತು, ಅದೇ ಮಾತು:
‘ಆದರೂ ಒಂದೀಟು ಬರ್ಸ್ರಿ, ಬಾಯಾರ.’
‘ಚೌತಿ ಆಗಲಿ, ನೋಡೂಣು.’
‘ಚೌತಿ ಅಂದ್ರ ದೂರಾತು.’
ಸುತ್ತಿಗೆ ಮರೆತು ಹೋದ.

ಸಂಜೆ ಬೀಗ ಹುಡುಕುತ್ತಿದ್ದೆ.
ಹೊಸ್ತಿಲ ನೀರು ಧೈರ್ಯ ಮಾಡಿ
ಒಂದು ಗೇಣು ಒಳಗೆ ಬಂದಿತ್ತು.
ಚಪ್ಪಲಿ ಬಿಟ್ಟು ಅದರಲ್ಲಿ ಕಾಲಿಟ್ಟೆ, ಬೆಚ್ಚಗಿತ್ತು.
ಹಾಗೆಯೇ ನಡೆದೆ, ಕನ್ನಡಿಯ ತನಕ,
ಒರೆಸಿ ಹೊಳೆಯುತ್ತಿದ್ದ ನೆಲದ ಮೇಲೆ
ಐದು ಬೆರಳಿನ ಕೆಂಪು ಹೆಜ್ಜೆ, ಒಂದು, ಎರಡು, ಮೂರು,

ಹಿಂದಿನಿಂದ ಎಸ್ಪೆರಾನ್ಸಾ ಕೂಗಿದಳು.
ಅವಳ ಕೊಂಕಣಿ
ಇವತ್ತು ಪೂರ್ತಿ ತಿಳಿಯಿತು.