ಹುತ್ತರಿ ರಾತ್ರಿ, ಗೋದಾಮಿನಲ್ಲಿ

"ಬಾಲ ಆಡಿಸ್ತಿದ್ದಾಳಲ್ಲ, ಖುಷೀಲಿದ್ದಾಳೆ" ಅಂದ ಚಿಟ್ಟಿಯಪ್ಪ
ಕೋವಿ ಒರೆಸುತ್ತ.
ಇಲ್ಲ ಮಾರಾಯ. ಬಾಲ ತಗ್ಗಿದೆ, ತುದಿಯಷ್ಟೇ ನಡುಗುತ್ತಿದೆ.
ಕಣ್ಣಂಚಲ್ಲಿ ಬಿಳಿ.
ತಿನ್ನಲೇನೂ ಇಲ್ಲದೆ ಮೂಗು ನೆಕ್ಕಿಕೊಳ್ಳುತ್ತಾಳೆ ಮೆಣಸಿ,
ನಿದ್ದೆ ಬಾರದೆಯೂ ಆಕಳಿಸುತ್ತಾಳೆ.

ಹೋದ ವರ್ಷ ನನಗೆ ಇದನ್ನು ಓದಲು ಬರುತ್ತಿರಲಿಲ್ಲ.
ಮೊದಲ ಈಡಿಗೇ ಬೇಲಿ ಹಾರಿದ ಇವಳಣ್ಣ
ಕಾಫಿ ಸಾಲಲ್ಲಿ ಕರಗಿದ.
ಮೂರನೇ ದಿನ ತೋಡಿನ ಬಳಿ ಸಿಕ್ಕಿದ್ದು
ಕೊರಳಪಟ್ಟಿ.

ಈ ಸಲ ಕದಿರು ನೀವೇ ತನ್ನಿ.
ಅಗುಳಿ ಹಾಕಿ, ಮೂಟೆಗಳ ಸಂದಿಯಲ್ಲಿ
ಅವಳಿಗೆ ಓರೆಯಾಗಿ ಕೂತಿದ್ದೇನೆ,
ಮುಟ್ಟದೆ, ಕರೆಯದೆ.

ಗದ್ದೆ ಕಡೆ ದುಡಿ ನಿಂತಿತು.
ಇನ್ನೇನು ಈಡು.
ನಾನೂ ಒಂದು ಸುಳ್ಳು ಆಕಳಿಕೆ ತೆಗೆದೆ.
ಗದ್ದ ತಂದು ನನ್ನ ಮಂಡಿ ಮೇಲಿಟ್ಟಳು.
ಭಾರ ಪೂರ್ತಿ ಬಿಟ್ಟಿರಲಿಲ್ಲ,
ಅರ್ಧ.