ಮಂಡಿ

ಗಂಟೆಗೊಮ್ಮೆ ಬಂದು ನಿನ್ನ ಮಂಡಿ ತಟ್ಟುತ್ತೇನೆ, ಸೌಭಾಗ್ಯ,
ರಬ್ಬರಿನ ಪುಟ್ಟ ಸುತ್ತಿಗೆಯಲ್ಲಿ.
"ನೋವಿರೋದು ತಲೆಗೆ ಕಣವ್ವ, ನೀನ್ಯಾಕೆ ಕಾಲಿಗೆ ಹೊಡೀತೀಯ?"
ನಿನ್ನತ್ತೆ ಬಾಗಿಲಲ್ಲೇ ಗೊಣಗುತ್ತಾಳೆ.
ಹೇಗೆ ಹೇಳಲಿ,
ಸೊಂಟದ ಕೆಳಗೆ ಎರಡೂ ಬದಿ ನಾನು ಚುಚ್ಚಿದ ಮದ್ದು
ಫಿಟ್ಸು ತಡೆಯುತ್ತದೆ,
ಹೆಚ್ಚಾದರೆ ಉಸಿರನ್ನೂ ತಡೆಯುತ್ತದೆ.
ಉಸಿರಿಗಿಂತ ಮೊದಲು ಸುಮ್ಮನಾಗುವುದು ಮಂಡಿ.
ಅದು ಜಿಗಿದರೇನೇ ಮುಂದಿನ ಸೂಜಿ.

ಹಾಸನದ ದೊಡ್ಡಾಸ್ಪತ್ರೆ, ಎರಡನೇ ಮಹಡಿಯ ಮೂಲೆ ಕೋಣೆ.
ಕಿಟಕಿಗೆ ಹಸಿರು ಬಟ್ಟೆ ಕಟ್ಟಿದ್ದೇವೆ.
ಬೆಳಕು ಬೇಡ, ಸದ್ದು ಬೇಡ ಅಂದಿದ್ದಾರೆ ಡಾಕ್ಟರ್ ಮಂದಾಕಿನಿ.
ಬಿ.ಎಂ. ರಸ್ತೆಯ ಲಾರಿಗಳಿಗೆ ಅದು ಗೊತ್ತಿಲ್ಲ.

ಅಡಗೂರಿನಲ್ಲಿ ನೀನು ಬಿತ್ತನೆ ಆಲೂಗಡ್ಡೆ ಕೊಯ್ಯುತ್ತಿದ್ದೆಯಂತೆ,
ಹೋಳಿಗೊಂದಾದರೂ ಕಣ್ಣು ಉಳಿಯುವ ಹಾಗೆ.
"ಇದ್ದಕ್ಕಿದ್ದಂಗೆ ಕಣ್ಣೆಲ್ಲ ಒಟ್ಟಿಗೆ ಮಿಂಚಿದ್ವು ಸಿಸ್ಟರ್,
ಬುಟ್ಟಿ ತುಂಬಾ."
ಆಶಾ ಹುಡುಗಿ ಜಾಣೆ. ಮಿಂಚು ಅಂದದ್ದೇ ತಡ,
ಕುಡುಗೋಲು ಕಿತ್ತಿಟ್ಟು ೧೦೮ ಹತ್ತಿಸಿದಳು.
ತಾಯಿ ಕಾರ್ಡಿಗೆ ಕೆಂಪು ಚೀಟಿ,
ಬಿಪಿ ನೂರಾ ಎಪ್ಪತ್ತು, ನೂರಾ ಹತ್ತು.
ಹಿಂದೆ ಒಂದು ಹೋಗಿದೆ ಎಂದಿದೆ ಕಾರ್ಡು.
ಎರಡು, ಎಂದು ನೀನು ನನ್ನ ಕಿವಿಗೆ.

ಮೂವತ್ತೊಂದು ವಾರ.
ಮಗುವಿನ ಪುಪ್ಪುಸ ಬಲಿಯಲು ನಾಲ್ಕು ಇಂಜೆಕ್ಷನ್,
ಹನ್ನೆರಡು ಗಂಟೆಗೊಂದು.
"ಎರಡು ದಿನ ಕೊಡಮ್ಮ, ಎರಡೇ ದಿನ"
ಡಾಕ್ಟರು ನಿನ್ನ ಹೊಟ್ಟೆಯ ಮುಂದೆ ಬಗ್ಗಿ ಕೇಳಿದರು,
ಕೈಸಾಲ ಕೇಳುವವರ ಹಾಗೆ.

ಚೀಲದಲ್ಲಿ ನಲವತ್ತು ಎಂ.ಎಲ್. ಮೂತ್ರ.
ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ
ಸಂಬಳ ಬಂದ ದಿನವೂ ನಾನು ಇಷ್ಟು ಹಿಗ್ಗಿಲ್ಲ.

ಮೂರು ಗಂಟೆಗೆ ತಟ್ಟಿದೆ.
ಮಂಡಿ ಮಿಸುಕಲಿಲ್ಲ.

ಇನ್ನೊಮ್ಮೆ.
ಜೇಬಿನಲ್ಲಿ ಕ್ಯಾಲ್ಸಿಯಂ ಸೀಸೆ ಇದೆಯೇ, ಮುಟ್ಟಿ ನೋಡಿಕೊಂಡೆ.
ನಿನ್ನ ಉಸಿರೆಣಿಸುತ್ತ ನನ್ನದನ್ನು ಮರೆತೆ.
ಹದಿನೇಳು, ಹದಿನೆಂಟು. ಸರಿ ಇದೆ.
"ಬೆರಳಿಗೆ ಬೆರಳು ಕೊಂಡಿ ಹಾಕು ಸೌಭಾಗ್ಯ,
ಎಳಿ, ಎರಡೂ ಕೈ ಜಗಳಾಡೋ ಹಂಗೆ ಎಳಿ"
ನೀನು ಹಲ್ಲು ಕಚ್ಚಿ ಎಳೆದೆ.
ಕಾಲು ಚಿಮ್ಮಿ ನನ್ನ ಮೊಣಕೈಗೇ ಒದೆಯಿತು.
ಬಾಗಿಲಲ್ಲಿ ನಿನ್ನತ್ತೆ ನಕ್ಕುಬಿಟ್ಟಳು,
ಯಾಕೆಂದು ಆಕೆಗೂ ತಿಳಿಯದೆ.
"ಒಳಗಿಂದೂ ಒಂದು ಒದೆ ಬಿತ್ತು" ಅಂದೆ ನೀನು.
ಅದನ್ನು ಬರೆಯಲು ಚಾರ್ಟಿನಲ್ಲಿ ಜಾಗವಿಲ್ಲ,
ಅಂಚಿನಲ್ಲಿ ಬರೆದೆ.

ಎಂಟಕ್ಕೆ ನನ್ನ ಪಾಳಿ ಮುಗಿಯಿತು.
ಎರಡು ದಿನದಲ್ಲಿ ಒಂದು ರಾತ್ರಿ ಕಳೆಯಿತು, ಅಷ್ಟೆ.
ಸುತ್ತಿಗೆಯನ್ನು ಪ್ರಮೀಳಾ ಕೈಗಿಟ್ಟು ಚಾರ್ಟು ತೋರಿಸಿದೆ:
ಮಂಡಿ ಜಿಗಿದಾಗೆಲ್ಲ ಒಂದು ಕೂಡುವ ಗುರುತು ಹಾಕುತ್ತೇವೆ,
ಮೇಲಿಂದ ಕೆಳಗೆ ಹನ್ನೆರಡು.
ಎಡಕ್ಕೂ ಬಲಕ್ಕೂ ಅಂಕಿ ಇಲ್ಲ,
ಏನಕ್ಕೆ ಏನು ಕೂಡಬೇಕೆಂದು
ಇನ್ನೂ ಯಾರೂ ಬರೆದಿಲ್ಲ.