ಎಡಕ್ಕೆ ಮೂರು ಸುತ್ತು

"ಬೆಂಗಳೂರಲ್ಲಿ ಹೀಟರಾ ಸಾರ್?" ಅಂತ ನಕ್ಕ ಜಬೀವುಲ್ಲಾ,
ಒಂದು ಕೈಯಲ್ಲಿ ಬನ್ನು, ಉಗುರಿನ ಸಂದಿಯಲ್ಲಿ ಗ್ರೀಸು.
"ಇಲ್ಲಿ ಚಳಿಗಾಲ ಎಲ್ಲಿದೆ?"

ಇದೆ. ಡಿಸೆಂಬರಿನ ನಸುಕು ನಾಲ್ಕೂವರೆಗೆ
ದೇವನಹಳ್ಳಿ ದಾಟುವಷ್ಟರಲ್ಲಿ ಗಾಜು ಒಳಗಿಂದ ಬೆಳ್ಳಗಾಗಿ
ಹಳೇ ಬನಿಯನ್ನಲ್ಲಿ ಒರೆಸುತ್ತ ಒರೆಸುತ್ತ ಓಡಿಸಿದ್ದೇನೆ.
ಹಿಂದೆ, ನಾನೇ ಮೊಳೆ ಹೊಡೆದ ಮಂಚದ ಮೇಲೆ
ಎರಡು ಕಂಬಳಿಯೊಳಗಿಂದ ಇವಳು
"ರಸ್ತೆ ಕಾಣ್ತಿದೆಯಾ?" ಅಂದರೆ
"ಕಾಣ್ತಿದೆ" ಅಂದಿದ್ದೇನೆ.

ಎಂಬತ್ತೇಳರ ಮೆಟಡಾರ್.
ಆರ್‌ಸಿ ಪುಸ್ತಕದಲ್ಲಿ ನನಗಿಂತ ಮೊದಲು ನಾಲ್ಕು ಹೆಸರು,
ಮೂರರ ಮೇಲೆ ಸೀಲು ಕೂತು ಅಕ್ಷರ ಸತ್ತಿವೆ.

ಮೂವತ್ತೊಂದು ವರ್ಷ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ
ಹುಡುಗರ ತಪ್ಪು ರೀಡಿಂಗುಗಳಿಗೆ ಸರಿಯಾದ ಉಪಕರಣ ಎತ್ತಿಕೊಟ್ಟವನು;
ಒಂದು ಕಡೆಯಿಂದ ನೋಡಿಕೊಂಡು ಬರಬೇಕು,
ಅಷ್ಟೇ ನನ್ನ ವಿದ್ಯೆ.
ಫ್ಯೂಸು ಸರಿ ಇದೆ.
ಫ್ಯಾನು ಒಂದರಲ್ಲಿ ಇಲ್ಲ, ಎರಡರಲ್ಲಿ ಇಲ್ಲ,
ಮೂರಕ್ಕೆ ತಿರುಗಿಸಿದರೆ ಮಿಕ್ಸಿಯ ಹಾಗೆ ಅರಚುತ್ತದೆ.
ಅದು ರೆಸಿಸ್ಟರು, ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ, ಆಮೇಲೆ.
ಕಿಂಡಿಯ ಬಾಯಿಗೆ ಥರ್ಮಾಮೀಟರು ಹಿಡಿದೆ: ಇಪ್ಪತ್ತಾರು.
ಹೊರಗೆ ಹಿಡಿದೆ: ಇಪ್ಪತ್ತಾರು.

ಜಬೀವುಲ್ಲಾ ಥರ್ಮಾಮೀಟರಿನ ಕಡೆ ನೋಡಲಿಲ್ಲ.
ಡ್ಯಾಶಿನ ಕೆಳಗೆ ಅಂಗಾತ ಮಲಗಿ
ಎರಡು ಪೈಪು ಎರಡು ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದ.
"ಇದು ಹೋಗೋದು, ಸುಡ್ತಿದೆ.
ಇದು ಬರೋದು, ನಲ್ಲಿ ನೀರು."
ಬೆರಳು ಬಿಸಿ ಪೈಪಿನ ಮೇಲೆ ಇಂಚಿಂಚೇ ನಡೆದು
ತಿರುವಿನಲ್ಲಿ ನಿಂತಿತು.
ಹಿಸುಕಿದ. ರಬ್ಬರಿನೊಳಗೆ ಏನೋ ಗಟ್ಟಿ,
ಕೇರೆಹಾವಿನ ಹೊಟ್ಟೆಯಲ್ಲಿ ಇಲಿಯ ಹಾಗೆ.

ಇಂಜಿನ್ ಆರುವ ತನಕ ಎರಡೆರಡು ಟೀ.
ಕ್ಲಾಂಪು ಬಿಚ್ಚಿದರೆ ಮೊದಲು ತುಕ್ಕಿನ ನೀರು,
ಹಿಂದೆಯೇ ಹೆಬ್ಬೆರಳಿನಷ್ಟು ದಪ್ಪ ಒಂದು ಬೋಲ್ಟು,
ಸೈಕಲ್ ಟ್ಯೂಬಿನ ಅಂಗಿ ತೊಟ್ಟು,
ಮೇಲೆ ತಾಮ್ರದ ತಂತಿ ಮೂರು ಸುತ್ತು, ಎಡಕ್ಕೆ.

ಅಂಗೈಯಲ್ಲಿಟ್ಟುಕೊಂಡು ತುಂಬಾ ಹೊತ್ತು ಸುಮ್ಮನಿದ್ದ.
"ಎಡಕ್ಕೆ ಸುತ್ತೋನು ಇಡೀ ಕಲಾಸಿಪಾಳ್ಯಕ್ಕೆ ಒಬ್ಬನೇ ಸಾರ್,
ನಮ್ಮ ಉಸ್ತಾದ್.
ಟಾರ್ಚ್ ಹಿಡ್ಕೊಂಡು ನಿಂತಿದ್ದೋನು ನಾನು, ಹನ್ನೊಂದು ವರ್ಷ ನನಗೆ.
ಆಗ ಸ್ಕೂಲ್ ವ್ಯಾನು, ಹಳದಿ ಬಣ್ಣ.
ಡ್ರೈವರು ಮುತ್ಯಾಲಪ್ಪ. ಸಕ್ಕರೆ ಕಾಯಿಲೆ, ಕಾಲಲ್ಲಿ ಹುಣ್ಣು,
ಬಿಸಿಗಾಳಿ ಬೀಳೋದು ಸರಿಯಾಗಿ ಅದರ ಮೇಲೇ.
ವಾಲ್ವು ತೆರೆದಿದ್ದು ತೆರೆದ ಹಾಗೇ ಜಾಮು, ಪಾರ್ಟು ಸಿಗಲಿಲ್ಲ.
ಉಸ್ತಾದ್ ಇದನ್ನ ತುರುಕಿ, ದುಡ್ಡೂ ತಗೊಳ್ಳದೆ,
ಕಾಲು ವಾಸಿಯಾದ ಮೇಲೆ ಬಾ, ತೆಗೀತೀನಿ ಅಂದ್ರು."

"ಬಂದನಾ?"

ಜಬೀವುಲ್ಲಾ ಪೈಪನ್ನು ಹಿಂದಕ್ಕೆ ತೂರಿಸುತ್ತ
ಸ್ಕ್ರೂಡ್ರೈವರ್ ಕೇಳಿದ.

ಸಂಜೆ ಗವಿಪುರದ ಏರಿನಲ್ಲಿ ಮೂಗು ಮೇಲಾಗಿ ನಿಲ್ಲಿಸಿ,
ಚಕ್ರಕ್ಕೆ ಕಲ್ಲು ಕೊಟ್ಟು, ರೇಡಿಯೇಟರಿನ ಮುಚ್ಚಳ ತೆಗೆದು
ಗಾಡಿ ತೇಗುವುದನ್ನು ಕಾದೆವು.
ಒಂದು ಗುಳ್ಳೆ. ಒಂದು. ಆಮೇಲೆ ಸಾಲಾಗಿ.
ಆಟೋದವರು ಹಾರನ್ ಹೊಡೆದು, ಬೈದು, ಬಗ್ಗಿ ನೋಡಿ,
ಸಲಹೆ ಕೊಟ್ಟು ಹೋದರು.

ಮೂರಕ್ಕೆ ತಿರುಗಿಸಿದೆ.
ಮೊದಲು ಸುಟ್ಟ ಧೂಳಿನ ವಾಸನೆ,
ಆಮೇಲೆ ಕಿಂಡಿಯಿಂದ ನನ್ನ ಮುಖಕ್ಕೆ, ಕನ್ನಡಕಕ್ಕೆ
ಪೆನ್ಸಿಲ್ ಕೆತ್ತಿದ ಹೊಟ್ಟು!
ಕೆಂಪಂಚು, ಕಪ್ಪಂಚು, ಬಾಡಿದ ಹೂವಿನೆಸಳಿನ ಹಾಗೆ,
ಯಾವ ಮಕ್ಕಳು ಕೂತು ಕೂತು ತುಂಬಿಸಿದ್ದವೋ.
ಮೂವತ್ತೆಂಟು. ನಲವತ್ತನಾಲ್ಕು. ಐವತ್ತೊಂದು.
ಇಬ್ಬರೂ ಬೆವೆತು ಕಿಟಕಿ ಇಳಿಸಿದೆವು.

"ವಾಲ್ವು ಮಾತ್ರ ಮುಚ್ಚಲ್ಲ. ಬೇಸಿಗೆಗೆ ಬನ್ನಿ, ನೋಡೋಣ."
ಮುನ್ನೂರು ತೆಗೆದುಕೊಂಡ.
ಬೋಲ್ಟು ಅವನ ಜೇಬಿನಲ್ಲೇ ಉಳಿಯಿತು, ನಾನು ಕೇಳಲಿಲ್ಲ.

ಈಗ ಗಾಜು ತಿಳಿ.
ಫ್ಯಾನಿನ ಅರಚಾಟದಲ್ಲಿ ಇವಳು ಏನು ಕೇಳಿದರೂ ಕೇಳಿಸದು.
ದೇವನಹಳ್ಳಿಯ ಆಚೆ, ಕತ್ತಲಲ್ಲಿ,
ಬಲಗಾಲಿನ ಮೀನಖಂಡದ ಕೆಳಗೆ, ಒಂದು ರೂಪಾಯಿಯಗಲ ಜಾಗದಲ್ಲಿ
ಬಿಸಿ ಬೀಳುತ್ತದೆ.
ಕಾಲನ್ನು ಆಚೀಚೆ ಸರಿಸಲಾಗುವುದಿಲ್ಲ,
ಎಕ್ಸಲೇಟರಿರುವುದು ಅಲ್ಲೇ.